ಸೂರ್ಯ ಕಾಣದ ಅರಿವೆ

ಆ ದಿನ ಬೆಳಗ್ಗೆ ನಮ್ಮ ಆತ್ಯಾ ಸೂರ್ಯನಿಗೆ ಪರೀಕ್ಷೆ ಇಟ್ಟಿದ್ದರು.

ಉಳಿದದ್ದೆಲ್ಲ ದಿನದಂತೆಯೇ ಇತ್ತು. ನಾನು ಹಿತ್ತಲಿನ ಕಟ್ಟೆಯ ಮೇಲೆ ಕೂತು ಹಾಲಿನ ಪಾತ್ರೆ ಉಜ್ಜುತ್ತಿದ್ದೆ. ಮಾವ ಪಡಸಾಲೆಯಲ್ಲಿ ಮರಾಠಿ ಪೇಪರು ಓದುತ್ತ ಕನ್ನಡದಲ್ಲಿ ಸಿಟ್ಟಾಗುತ್ತಿದ್ದರು. ನಿಪ್ಪಾಣಿಯ ಗಾಳಿ ಎಂದಿನಂತೆ ತಂಬಾಕಿನ ಘಾಟು ಹೊತ್ತು ತಂದು ಮನೆಮಂದಿಯನ್ನೆಲ್ಲ ಸರದಿಯ ಮೇಲೆ ಸೀನಿಸುತ್ತಿತ್ತು. ನಮ್ಮ ಅತ್ತೆ ಬಾವಿಯಿಂದ ನೀರು ಸೇದಿ, ಕೊಡದ ಬಾಯಿಗೆ ಎರಡು ಪದರಿನ ಅರಿವೆ ಕಟ್ಟಿ ಸೋಸುತ್ತಿದ್ದರು. (ಅತ್ತೆಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ರೂಢಿಸಿಕೊಂಡೆ.) ಸೋಸಿದ ಮೇಲೆ ಅರಿವೆಯನ್ನು ಮಗುಚಿ ಅದರ ಮೇಲೆ ನೀರು ಸುರಿದು, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅವುಗಳ ಮನೆಯಾದ ಬಾವಿಗೇ ಇಳಿಸುವುದು ನಮ್ಮ ಜೈನರ ಪದ್ಧತಿ. ಆಯಿ ಆ ಕೆಲಸವನ್ನು ಮಕ್ಕಳನ್ನು ಶಾಲೆಗೆ ಕಳಿಸುವವರ ಹಾಗೆ ಮಾಡುತ್ತಿದ್ದರು. ಯಾರೂ ಹಿಂದೆ ಉಳಿದಿಲ್ಲವಷ್ಟೇ ಎಂದು ಬಗ್ಗಿ ನೋಡಿ, ಆಮೇಲೇ ಒಳಗೆ ಬರುವುದು.

ಹಿತ್ತಲಿನ ನಡುವೆ ಆತ್ಯಾ ನಿಂತಿದ್ದರು. ಬಿಳಿಯ ಅರಿವೆಯೊಂದನ್ನು ಎರಡೂ ಕೈಯಿಂದ ಮುಖದ ಮುಂದೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಏರುತ್ತಿದ್ದ ಸೂರ್ಯನನ್ನು ಹುಡುಕುತ್ತಿದ್ದರು. ನೀರು ಸೋಸುವ ಅರಿವೆಗೆ ನಮ್ಮ ಹಿರಿಯರು ಹೇಳುವ ಅಳತೆ ಒಂದೇ. ಬಿಸಿಲಿಗೆ ಹಿಡಿದರೆ ಅದರೊಳಗಿಂದ ಸೂರ್ಯ ಗುಂಡಗೆ ಕಾಣಬಾರದು.

"ಕಾಣ್ತಾನೇನ್ರಿ ಆತ್ಯಾ?" ಎಂದೆ.

"ಹುಡುಕಾಕತ್ತೀನಿ. ಸಿಗವಲ್ಲ," ಎಂದರು, ಮುಚ್ಚಿದ ಕಣ್ಣು ಬದಲಿಸಿ. ಆಮೇಲೆ ಅರಿವೆಯನ್ನು ಮಡಿಸಿ, ಮಡಿಕೆಯ ಮೇಲೆ ಅಂಗೈ ಎಳೆದು, ಒಳಗೆ ಹೋಗಿ ಪೆಟ್ಟಿಗೆಯಲ್ಲಿಟ್ಟರು. ಸೂರ್ಯ ನಾಪಾಸು! ಇನ್ನು ಉಳಿದದ್ದು ಆತ್ಯಾ ಪಾಸಾಗುವುದೊಂದೇ. ಏಕೆಂದರೆ ಅವತ್ತು ಅವರಿಗೂ ಪರೀಕ್ಷೆ ಇತ್ತು.

ಆತ್ಯಾ ಅಂದರೆ ನಮ್ಮ ಮಾವನ ತಂಗಿ. ಐವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ, ಮನೆಯ ನಡುಕೋಣೆಯಲ್ಲಿ ಅವರೂ ಅವರ ಕೈಮಗ್ಗವೂ ಸಂಸಾರ ಹೂಡಿದ್ದರು. ಹೊಲ, ವ್ಯಾಪಾರ ಎಂದು ಬದುಕಿದ ನಮ್ಮ ಮನೆತನದಲ್ಲಿ ಹಿಂದೆ ಯಾರೂ ಲಾಳಿ ಹಿಡಿದವರಲ್ಲ. ಓಣಿಯ ತುದಿಯ ನೇಕಾರರ ಮನೆಯಲ್ಲಿ ಚಿಕ್ಕಂದಿನಲ್ಲಿ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡರಂತೆ. ಸರ್ಕಾರದ ನೇಯ್ಗೆಯ ಕೆಳಗಿನ ಪರೀಕ್ಷೆ ಪಾಸು ಮಾಡಿದರು, ನಡುವಿನದನ್ನೂ ಮಾಡಿದರು. ಮೇಲಿನದೊಂದು ಉಳಿದಿತ್ತು. ಅದರ ಸರ್ಟಿಫಿಕೇಟು ಕೈಗೆ ಬಂದರೆ ಚಿಕ್ಕೋಡಿಯಲ್ಲಿ ಹೊಸದಾಗಿ ತೆರೆಯಲಿದ್ದ ಹೆಂಗಸರ ನೇಯ್ಗೆ ತರಗತಿಗೆ ಇವರೇ ಶಿಕ್ಷಕಿ. ಬರದಿದ್ದರೆ ಆ ಕುರ್ಚಿಯಲ್ಲಿ ಬೇರೆ ಯಾರೋ. ಅವತ್ತು ಪರೀಕ್ಷಕರು ಮನೆಗೇ ಬಂದು ಅವರ ಮಗ್ಗವನ್ನೂ ನೇಯ್ದ ಬಟ್ಟೆಗಳನ್ನೂ ನೋಡುವವರಿದ್ದರು.

ಇಂಥವರ ಪರಿಚಯ ನನಗಾದ ರೀತಿಯನ್ನು ಹೇಳಿಬಿಡಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದಲ್ಲಿ. ಮೆಲ್ಲಗೆ ಮಾತಾಡು, ಮೆಲ್ಲಗೆ ನಡೆ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೋ ಎಂದು ಬೆಳಗಾವಿಯ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದನ್ನೆಲ್ಲ ಗಂಟು ಕಟ್ಟಿಕೊಂಡು ಬಂದಿದ್ದೆ. ಹೊಸ್ತಿಲು ದಾಟಿದ್ದೇ ತಡ, ಹೆಂಗಸರೆಲ್ಲ ಮುಖ ನೋಡಲು ಮುತ್ತಿದರು. ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದಂತಾಯಿತು. ತಿರುಗಿದರೆ ಆತ್ಯಾ! ಹುಳ ಸಾಯಿಸಿ ತೆಗೆದ ನೂಲೆಂದು ರೇಷ್ಮೆಯನ್ನು ಅವರು ಮುಟ್ಟುತ್ತಿರಲಿಲ್ಲ. ಹಾಗಂತ ನೋಡದೇ ಇರಲಾದೀತೆ? ತಮ್ಮ ಹತ್ತಿ ಸೀರೆಯ ತುದಿಯಿಂದ, ಒಲೆಯ ಮೇಲಿನ ಬಿಸಿ ಪಾತ್ರೆ ಹಿಡಿಯುವಂತೆ ನನ್ನ ಸೆರಗನ್ನು ಹಿಡಿದು, ಮಗುಚಿ, ಹಿಂದಿನ ಮಗ್ಗುಲನ್ನು ನೋಡುತ್ತಿದ್ದರು.

"ಮದಲ ಮುಖಾ ನೋಡ ಬೇ," ಎಂದರು ಆಯಿ.

"ಮುಖಾ ದಿನಾ ಮನ್ಯಾಗ ಇರ್ತೈತಿ. ಈ ಸೆರಗ ನಾಳಿಗೆ ಟ್ರಂಕಿನ್ಯಾಗ ಹೋಗ್ತೈತಿ," ಎಂದ ಆತ್ಯಾ ತೀರ್ಪನ್ನೂ ಕೊಟ್ಟರು: "ಮ್ಯಾಲ ಭಾಳ ಚಂದ. ಒಳಗ ಬರೇ ಗಡಿಬಿಡಿ."

ಇದು ಸೀರೆಗೋ ಸೊಸೆಗೋ ಎಂದು ಕೇಳುವ ಧೈರ್ಯ ಹೊಸ ಮದುಮಗಳಿಗೆ ಎಲ್ಲಿಂದ ಬರಬೇಕು!

ಅವರ ಮದುವೆ ಆಗದೆ ಉಳಿದದ್ದೂ ಇಂಥದೇ ಕಾರಣಕ್ಕೆ. ಕಾಗವಾಡದ ಕಡೆಯಿಂದ ಒಬ್ಬ ಗಂಡು ನೋಡಲು ಬಂದಿದ್ದನಂತೆ. ಅವಲಕ್ಕಿಯ ತಾಟು ಹಿಡಿದು ಬಂದ ಹುಡುಗಿ ತಲೆ ತಗ್ಗಿಸಿ ನಿಂತಳು. ಎಷ್ಟು ಸಂಕೋಚದ ಹುಡುಗಿ ಎಂದು ಗಂಡಿನ ಕಡೆಯವರು ಮೆಚ್ಚಿಕೊಂಡರು. ಆಕೆ ನೋಡುತ್ತಿದ್ದದ್ದು ಹುಡುಗನ ಧೋತರದ ಅಂಚನ್ನು! ಒಳಗೆ ಹೋದವಳೇ ಬೇಡ ಎಂದುಬಿಟ್ಟಳು.

"ಯಾಕವ್ವಾ?" ಎಂದು ಆಕೆಯ ಅಪ್ಪ ಕೇಳಿದರು.

"ಅಂಚು ಬಿಟಗೊಂಡ ಜೋತಾಡಾಕತ್ತೈತಿ, ಅಂವಗ ಗೊತ್ತ ಇಲ್ಲ. ಉಟಗೊಂಡಿದ್ದ ಧೋತರದ ಸುದ್ದಿ ತಿಳೀದಾಂವಗ ಹೆಂಡತಿ ಸುದ್ದಿ ಏನ ತಿಳೀತೈತಿ?"

ಇದನ್ನು ಮಾವ ಪ್ರತಿ ದೀಪಾವಳಿಗೂ ಹೇಳುತ್ತಿದ್ದರು. ಹೇಳುವಾಗ ತಮ್ಮ ಧೋತರದ ಅಂಚನ್ನು ಮೆಲ್ಲಗೆ ಕಾಲಡಿಗೆ ಸರಿಸಿಕೊಳ್ಳುತ್ತಿದ್ದರು.

ಒಂದು ಬಟ್ಟೆ ಮುಗಿಯುವ ಮೊದಲೇ ಆತ್ಯಾನ ತಲೆಯಲ್ಲಿ ಇನ್ನೊಂದು ಏರಿರುತ್ತಿತ್ತು. ಚೌಕಳಿ ಟಾವೆಲು ನೇಯುತ್ತ ಚಾದರದ ಕನಸು, ಚಾದರ ನೇಯುತ್ತ ಜಮಖಾನದ ಕನಸು. ಹೊಸದು ಶುರುವಾಯಿತೆಂದರೆ ನಮ್ಮ ಓಣಿ ಬಂದ್! ಹಾಸಿನ ಉದ್ದನೆಯ ನೂಲುಗಳನ್ನು ಓಣಿಯ ಈ ಗೂಟದಿಂದ ಆ ಗೂಟಕ್ಕೆ ಎಳೆದು ಕಟ್ಟಿ, ಕೈಯಲ್ಲಿ ಕುಂಚ ಹಿಡಿದು ಗಂಜಿ ಬಳಿಯುತ್ತ ನಿಲ್ಲುತ್ತಿದ್ದರು. ತಂಬಾಕಿನ ಚಕ್ಕಡಿಗಳು ಆ ತುದಿಯಲ್ಲೇ ನಿಂತು ಕಾಯಬೇಕು. ಒಮ್ಮೆ ಚುನಾವಣೆಯ ಹೊತ್ತಿನಲ್ಲಿ ಒಬ್ಬ ಅಭ್ಯರ್ಥಿಯ ಜೀಪು ಧ್ವನಿವರ್ಧಕದ ಸಮೇತ ಬಂತು.

"ಜೀಪ ಹಿಂದಕ ಹೋಗ್ಲಿ. ಮನಶ್ಯಾರು ಬೇಕಾದ್ರ ಬಗ್ಗಿ ದಾಟ್ರಿ," ಎಂದರು ಆತ್ಯಾ.

ಅಭ್ಯರ್ಥಿ ಇಳಿದು, ಕೈ ಮುಗಿದುಕೊಂಡೇ ಬಗ್ಗಿದರು. "ಇನ್ನೂ ಬಗ್ಗ್ರಿ! ಟೊಪಿಗಿ ತಾಗತೈತಿ! ಇನ್ನೂ!" ನೂಲಿನ ಚಪ್ಪರದ ಕೆಳಗೆ ಆ ದೊಡ್ಡ ಮನುಷ್ಯರು ಹೆಚ್ಚುಕಡಿಮೆ ನಾಲ್ಕು ಕಾಲಲ್ಲಿ ಆಚೆ ಹೋದರು. ಇಷ್ಟು ವಿನಯದ ಅಭ್ಯರ್ಥಿಯನ್ನು ನಮ್ಮ ಓಣಿ ಹಿಂದೆ ಕಂಡಿರಲಿಲ್ಲ. ಓಟು ಅವರಿಗೇ ಹಾಕಿದಿರಾ ಎಂದು ಆಮೇಲೆ ಕೇಳಿದೆ.

"ಯಾಕ ಹಾಕ್ಲಿ? ಇಷ್ಟ ನೂಲಿನ ಬುಡಕ ಹಾದ ಹೋದ, ಒಮ್ಮೆರೆ ಕತ್ತ ಎತ್ತಿ ನೋಡ್ಲಿಲ್ಲ!"

ಗಂಜಿಯದು ಬೇರೆಯೇ ಕತೆ. ಅಕ್ಕಿಗಂಜಿಯನ್ನು ರಾತ್ರಿಯಿಡೀ ಇಟ್ಟು ಹುಳಿ ಬರಿಸಿ ಬಳಿದರೆ ನೂಲು ಗಟ್ಟಿ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ತಂಗಳಿನಲ್ಲಿ ಜೀವಗಳು ಹುಟ್ಟಿರುತ್ತವೆ, ಅವನ್ನು ನೂಲಿಗೆ ಬಳಿಯಲೇ ಎಂದು ಆತ್ಯಾ ಒಪ್ಪಲಿಲ್ಲ. ಹೀಗಾಗಿ ಗಂಜಿ ದಿನಾ ಬೆಳಗ್ಗೆ ತಾಜಾ, ಆಯಿಯ ಒಲೆಯ ಮೇಲೇ! ಒಮ್ಮೆ ಅಥಣಿಯಿಂದ ಬೀಗರು ಬಂದಿದ್ದರು. ಪ್ರಯಾಣದಿಂದ ಹೊಟ್ಟೆ ಕೆಟ್ಟಿದೆ, ಏನಾದರೂ ತೆಳ್ಳಗಿನದು ಕೊಡಿ ಎಂದರು. ಮಾವ ಒಳಗೆ ಬಂದು ಒಲೆಯ ಮೇಲಿದ್ದದ್ದನ್ನು ಬಟ್ಟಲಿಗೆ ಬಗ್ಗಿಸಿ ಉಪ್ಪು ಹಾಕಿ ಕೊಟ್ಟರು. ಅದರಲ್ಲಿ ನೂಲಿನ ನುಣುಪಿಗೆಂದು ಕೊಬ್ಬರಿ ಎಣ್ಣೆಯೂ ಬಿದ್ದಿತ್ತು. ಬೀಗರು ಕುಡಿದು, "ಏನ ಘಮ ಅಂತೀನಿ! ಒಂದೀಟ ಉಪ್ಪಿನಕಾಯಿ ಇದ್ರ ನೋಡ್ರಿ," ಎಂದು ಮತ್ತೊಂದು ಬಟ್ಟಲು ಕೇಳಿದರು.

ಗೊತ್ತಾದಾಗ ಆಯಿ ನಾಚಿಕೆಯಿಂದ ತಲೆಯ ಮೇಲೆ ಸೆರಗೆಳೆದುಕೊಂಡರು. ಆತ್ಯಾನ ದುಃಖ ಬೇರೆ. "ಅರ್ಧಾ ಚಾದರಾ ಕುಡದ ಹೋದ್ನಲ್ಲ!"

ಅಂದಿನಿಂದ ಆಯಿ ಕಟ್ಟಪ್ಪಣೆ ಮಾಡಿದರು. ಮಗ್ಗದ ಗಂಜಿಗೆ ಹಿತ್ತಲಲ್ಲಿ ಬೇರೆ ಒಲೆ. ಮಗ್ಗದಿಂದ ಇಳಿದ ಒಂದು ಎಳೆಯೂ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಆತ್ಯಾ ಕೈಒರಸು ನೇಯ್ದುಕೊಟ್ಟರೆ, "ಮೈ ಕೆರೀತೈತಿ, ಅಂಗಡೀದ ಛಲೋ," ಎಂದು ತಿರುಗಿಸುತ್ತಿದ್ದರು. ಪಾತ್ರೆ ಹಿಡಿಯುವ ಮಸಿಬಟ್ಟೆಯಾಗಿಯೂ ಅವರ ಕೈಯ ಅರಿವೆ ಒಳಗೆ ಬರಲಿಲ್ಲ. ಆತ್ಯಾ ಕೊಡುವುದನ್ನು ಬಿಡಲಿಲ್ಲ, ಆಯಿ ತಿರುಗಿಸುವುದನ್ನು ಬಿಡಲಿಲ್ಲ. ನೋಡುವವರಿಗೆ ಇದೂ ಒಂದು ನೇಯ್ಗೆಯ ಹಾಗೇ ಕಾಣುತ್ತಿತ್ತು: ಅತ್ತಿಂದಿತ್ತ, ಇತ್ತಿಂದತ್ತ.

ಮೇಲಿನ ಪರೀಕ್ಷೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. "ಏ ಕಾನ್ವೆಂಟ್, ಬಾ ಇಲ್ಲೆ!" ಎಂದು ನನಗೆ ಕರೆ ಬಂತು. ಮಧ್ಯಾಹ್ನ ಅವರು ನೇಯುತ್ತಿದ್ದರು, ನಾನು ಮಗ್ಗದ ಪಕ್ಕ ಕೂತು ಓದಿ ಅರ್ಥ ಹೇಳುತ್ತಿದ್ದೆ. ಬಟ್ಟೆಯಲ್ಲಿ ಬರುವ ದೋಷಗಳ ಅಧ್ಯಾಯವನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಿಬಿಟ್ಟರು. ಹೇಗೆ ಅಂದಿರಿ? ಒಂದೊಂದು ದೋಷಕ್ಕೂ ಮನೆಯ ಒಬ್ಬೊಬ್ಬರನ್ನು ಕಟ್ಟಿಹಾಕಿ!

"ಸಡಿಲಾದ ಅಂಚು ಅಂದ್ರ ನಮ್ಮ ದಾದಾ. ಯಾರ ಜಗ್ಗಿದ್ರೂ ಆ ಕಡೀಗಿ ಹೋಗ್ತಾನ. ನಡುವ ಎಳಿ ತಪ್ಪಿದ್ದ ಅಂದ್ರ ನಿನ್ನ ಗಂಡ. ಹೇಳಿದ್ದ ಅರ್ಧಾ ಕೇಳ್ತಾನ. ಜಗ್ಗಿ ಬಿಗದಿದ್ದ ಅಂದ್ರ ನಮ್ಮ ವೈನಿ. ಬಿಗೀನೂ ಹಂಗ, ಹರಿಯಾಂಗಿಲ್ಲ ಮತ್ತ." (ಅವರ ಬಾಯಲ್ಲಿ ದಾದಾ ಎಂದರೆ ಅಣ್ಣ, ನಮ್ಮ ಮಾವ; ವೈನಿ ಎಂದರೆ ಅತ್ತಿಗೆ, ನಮ್ಮ ಆಯಿ.)

"ಮತ್ತ ನಾನ್ರಿ?"

ಅವರು ಲಾಳಿ ನಿಲ್ಲಿಸಿ ನನ್ನನ್ನು ನೋಡಿದರು. "ನೀ ಇನ್ನೂ ಹೊಸಾ ಅರಿವಿ. ಒಂದ ಸಲಾ ಒಗದ ಮ್ಯಾಲ ಹೇಳ್ತೀನಿ."

ಪರೀಕ್ಷೆಗೆ ಇಂಥಿಂಥವು ಎಂದು ಗೊತ್ತುಮಾಡಿದ ಬಟ್ಟೆಗಳ ಜೊತೆಗೆ ಕೊನೆಯಲ್ಲಿ ಒಂದು ಸ್ವಂತ ಆಯ್ಕೆಯದು ಇರಬೇಕಿತ್ತು. ಅದಿಲ್ಲದೆ ಪಾಸಿಲ್ಲ. ಎಲ್ಲರೂ ಸಲಹೆ ಕೊಟ್ಟದ್ದೇ ಕೊಟ್ಟದ್ದು. ನವಿಲಿನ ಸೆರಗು ನೇಯಿರಿ ಎಂದರು ನಮ್ಮವರು. ಭಾರತದ ನಕಾಶೆ ಎಂದರು ಮಾವ. ಆತ್ಯಾ ಎಲ್ಲರಿಗೂ ಹೂಂ ಎಂದು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಬಿಳಿಯ ನೂಲು ಏರಿಸಿದರು. ಏನೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ.

"ನೀರ ಸೋಸೂ ಅರಿವಿ! ಪರೀಕ್ಷಾಕ್ಕ ಇದೇನ ಆತ್ರಿ ಆತ್ಯಾ?" ಎಂದು ನಾನೂ ಕೇಳಿದೆ.

"ನವಿಲ ಹಾಕಿದ್ರ ಮಂದಿ ನವಿಲ ನೋಡ್ತಾರ, ನೇಯ್ಗಿ ಯಾರೂ ನೋಡೂದುಲ್ಲ. ಇದರಾಗ ನೋಡಾಕ ಏನೂ ಇಲ್ಲ. ತಪ್ಪ ಇದ್ರ ಅಷ್ಟ ಕಾಣ್ತೈತಿ," ಎಂದವರು ದನಿ ತಗ್ಗಿಸಿದರು. "ವೈನಿಗೆ ಹೇಳಬ್ಯಾಡ ಮತ್ತ. ನೀರ ಸೋಸೂ ಅರಿವಿ ತೋರಿಸಿ ಸಾಲಿ ಅಕ್ಕೋರ ಆಗಾಕ ಹೊಂಟಾಳಂತ ಓಣಿ ತುಂಬ ನಗ್ತಾಳ."

ನೇಯ್ದು, ಎಳೆ ಬಡಿದು ಕೂರಿಸುವ ಹಣಿಗೆಯ ಬಿಗಿ ಸಾಲದೆಂದು ಬಿಚ್ಚಿ, ಮತ್ತೆ ನೇಯ್ದು, ಎಷ್ಟು ಬಿಸಿಲು ನೋಡಿದರೋ! ಕೊನೆಗೆ ಆ ಬೆಳಗ್ಗೆ ಸೂರ್ಯ ನಾಪಾಸಾದದ್ದು ನಿಮಗೆ ಗೊತ್ತೇ ಇದೆ.

ಪರೀಕ್ಷಕರು ಬೆಳಗಾವಿಯ ಬಸ್ಸಿಳಿದು ಬಂದಾಗ ಬಿಸಿಲು ನೆತ್ತಿಗೇರಿತ್ತು. ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಕೊರಳಲ್ಲಿ ದಾರಕ್ಕೆ ಪೋಣಿಸಿದ ಒಂದು ಭೂತಗನ್ನಡಿ. ಆಯಿ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಮುಗಿಸಿ, "ಆಹಾ, ನೀರ ಭಾಳ ಛಲೋ ಅದಾವ್ರಿ," ಎಂದರು. ಆಯಿಯ ಮುಖ ಅರಳಿತು.

ನಡುಕೋಣೆಯಲ್ಲಿ ಚಾಪೆ ಹಾಸಿದ್ದೆ. ಆತ್ಯಾ ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು ಕೊಟ್ಟರು. ಪರೀಕ್ಷಕರು ಭೂತಗನ್ನಡಿ ಇಟ್ಟು ಎಳೆ ಎಣಿಸಿ ಬರೆದುಕೊಂಡರು. ಮಗ್ಗದ ಮೇಲೆ ಕೂರಿಸಿ ನೇಯಿಸಿ ನೋಡಿದರು. ಎಲ್ಲ ಸರಿಯಾಗಿಯೇ ಸಾಗಿತ್ತು, ಆತ್ಯಾ ನಡುವೆ ಬಗ್ಗಿ ಅವರ ಅಂಗಿಯ ತೋಳನ್ನು ಮಗುಚಿ ನೋಡಿದ್ದನ್ನು ಬಿಟ್ಟರೆ.

"ಬಾಯಾರ, ಪರೀಕ್ಷಾ ನಿಮ್ಮದೈತ್ರಿ, ನಂದಲ್ಲ!" ಎಂದರು ಅವರು ತೋಳು ಬಿಡಿಸಿಕೊಳ್ಳುತ್ತ. ಆದರೂ ನಕ್ಕರು.

"ಆತು. ಈಗ ಸ್ವಂತ ಆಯ್ಕೀದ ತಗೀರಿ. ಅದೊಂದ ಆದ್ರ ಮುಗೀತು."

ಆತ್ಯಾ ಪೆಟ್ಟಿಗೆಗೆ ಕೈ ಹಾಕಿದರು. ತಳ ತಡಕಿದರು. ಪೆಟ್ಟಿಗೆಯನ್ನೇ ಬೋರಲು ಹಾಕಿದರು. ಅರಿವೆ ಇಲ್ಲ! ನಮ್ಮವರು ಗಾದಿಯ ಕೆಳಗೆ ಹುಡುಕಿದರು. ಮಾವ, ಏನನ್ನು ಹುಡುಕಬೇಕೆಂದು ಗೊತ್ತಿಲ್ಲದಿದ್ದರೂ, ಕಪಾಟಿನ ಹಿಂದೆಲ್ಲ ಬ್ಯಾಟರಿ ಬಿಟ್ಟು ನೋಡಿದರು. ಅಷ್ಟರಲ್ಲಿ ಆಯಿ ಮತ್ತೊಂದು ತಾಟಿನಲ್ಲಿ ಲೋಟಗಳನ್ನಿಟ್ಟುಕೊಂಡು ಬಂದರು. "ಇನ್ನೊಂದೀಟ ನೀರ ತಗೋರಿ. ಬಿಸಲ ಭಾಳೈತಿ."

ಅವರ ಹಿಂದೆ ಅಡುಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ಹಿತ್ತಾಳೆಯ ಕೊಡ. ಕೊಡದ ಬಾಯಿಗೆ ಎರಡು ಪದರು ಮಾಡಿ, ಕತ್ತಿಗೆ ಗಟ್ಟಿಯಾಗಿ ಬಿಗಿದು ಕಟ್ಟಿದ ಬಿಳಿಯ ಅರಿವೆ. ಅದರ ನಾಲ್ಕೂ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾನು ನೋಡಿದೆ, ಆತ್ಯಾನೂ ನೋಡಿದರು. ಎಲ್ಲರ ಕಣ್ಣೂ ಅತ್ತ ತಿರುಗಿದ್ದನ್ನು ಕಂಡು ಆಯಿ ಹಿಗ್ಗಿದರು.

"ಹೊಸಾದ ಐತ್ರಿ," ಎಂದರು ಪರೀಕ್ಷಕರಿಗೆ. "ಈಕೀನ ನೇದಾಳ. ಮುಂಜಾನಿ ಬಿಸಲಿಗೆ ಹಿಡದ ನೋಡಾಕತ್ತಿದ್ಲು, ಬಾಂವಿ ಕಡಿಂದ ಕಂಡ್ನಿ. ಈ ಮನ್ಯಾಗ ನೀರ ಸೋಸಾಕಿ ನಾನ ಅಲ್ರಿ? ನನಗಂತ ನೇದಾಳ, ಎಲ್ಲಿ ವೈನಿ ತಿರಗಿ ಕೊಡ್ತಾಳೋ ಅಂತ ಅಂಜಿ ಪೆಟಿಗ್ಯಾಗ ಇಟ್ಟಾಳ ಅಂತ ತಿಳದ, ನಾನ ಹೋಗಿ ತಗೊಂಡ್ನಿ. ಬರೋ ಮಂದಿ ದೊಡ್ಡವರು, ನಿಮಗ ಹಳೇ ಅರಿವ್ಯಾಗ ಸೋಸಿದ್ದ ಹೆಂಗ ಕೊಡ್ಲಿ? ಅಂಗಡ್ಯಾಗ ಇಂಥಾದ್ದ ಸಿಗೂದುಲ್ಲ ಬಿಡ್ರಿ."

ಅಂಗಡೀದ ಛಲೋ ಎನ್ನುತ್ತ ಬಂದ ಬಾಯಿ ಅದು!

ಪರೀಕ್ಷಕರು ಕೊಡವನ್ನು ನೋಡಿದರು, ಆತ್ಯಾನ ಮುಖ ನೋಡಿದರು. ಲೇಖನಿಯ ಟೊಪ್ಪಿಗೆಯನ್ನು ತಿರುವುತ್ತ ಮೆಲ್ಲಗೆ ಹೇಳಿದರು: "ಬಾಯಾರ, ಪರೀಕ್ಷಾದ ಅರಿವಿ ಅದ ಇದ್ರ ಹೇಳ್ರಿ. ಬಿಸಲಾಗ ಒಣಗಲಿ, ನೋಡಿ ಬರಕೋತೀನಿ. ನನಗ ಸಂಜಿ ಬಸ್ಸ ಐತಿ."

ನಾನು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಆತ್ಯಾನ ಕೈ ಸೀರೆಯ ಮರೆಯಲ್ಲಿ ನನ್ನ ಮುಂಗೈಯನ್ನು ಹುಡುಕಿ, ಬಳೆಗಳು ಚರ್ಮಕ್ಕೆ ಒತ್ತುವಂತೆ ಹಿಡಿದುಕೊಂಡಿತು.

"ಅಲ್ರಿ," ಎಂದರು ಆತ್ಯಾ. "ಅದ ನಮ್ಮ ವೈನೀದು. ಆಕೀಗಂತನ ನೇದಿದ್ದು."

"ಹಂಗಾದ್ರ ಪರೀಕ್ಷಾದ್ದು?"

"ನಂದಿನ್ನೂ ಮುಗದಿಲ್ರಿ."

ಪರೀಕ್ಷಕರು ಭೂತಗನ್ನಡಿಯನ್ನು ಅಂಗಿಯೊಳಗೆ ಇಳಿಬಿಟ್ಟು, ಕಾಗದ ಮಡಚಿ, "ಮುಂದಿನ ಸಲಾ ನೋಡೂನ್ರಿ," ಎಂದು ಎದ್ದರು. ಹೊಸ್ತಿಲ ಹತ್ತಿರ ನಿಂತು ಆಯಿಯಿಂದ ಇನ್ನೊಂದು ಲೋಟ ನೀರು ಕೇಳಿ ಕುಡಿದು ಹೋದರು.

ಅವರು ಓಣಿ ದಾಟಿದ್ದೇ ತಡ, ಆಯಿ ಶುರು ಮಾಡಿದರು. "ಮುಗದಿಲ್ಲಂತ! ವರ್ಷಗಟ್ಟಲೆ ಖಟಪಟ ಖಟಪಟ ಮಾಡಿ ಒಂದ ಅರಿವಿ ಮುಗಸಾಕ ಆಗ್ಲಿಲ್ಲೇನ ಬೇ ನಿನಗ? ಚಿಕ್ಕೋಡಿ ಕುರ್ಚಿ ಹೋತಲ್ಲ! ಇದನ್ನ ನನಗ ಆಮ್ಯಾಲ ನೇದಿದ್ರ ಆಗ್ತಿದ್ದಿಲ್ಲೇನ?"

ಎಲ್ಲದಕ್ಕೂ ತಿರುಗಿ ಉತ್ತರ ಕೊಡುವ ಆತ್ಯಾ, "ಹೌದ ವೈನಿ, ತಪ್ಪಾತು," ಎಂದರು. ನಾನು ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಆಯಿ ಹಿತ್ತಲಿಗೆ ಹೋದ ಮೇಲೆ ನಾನು ತಡೆಯಲಾರದೆ, "ಯಾಕ ಹೇಳ್ಲಿಲ್ರಿ ಆತ್ಯಾ?" ಎಂದೆ.

ಅವರು ಬಟ್ಟೆಗಳನ್ನು ಮತ್ತೆ ಪೆಟ್ಟಿಗೆಗೆ ಜೋಡಿಸುತ್ತಿದ್ದರು. "ಈ ಮನ್ಯಾಗ ಆಕೀ ಮಾತಿಗೆ ಅಂಜಿದಷ್ಟ ನಾ ಯಾವ ಪರೀಕ್ಷಾಕ್ಕೂ ಅಂಜಿಲ್ಲ. ಆಕೀನ ಬಂದ ತಾನಾಗಿ ಒಯ್ದಾಳ. ಈಗ ತಿರಗಿ ಇಸಗೊಳ್ಳಾಕ ಬರ್ತೈತೇನ?" ಎಂದು ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ಪಡಸಾಲೆಯತ್ತ ತಿರುಗಿ, "ದಾದಾ, ಆ ಕುರ್ಚಿ ಮುಂದಿನ ಸಲದ ತನಕಾ ಕಾಯೂದುಲ್ಲ. ನಾಳೆ ಬಡಿಗೇರಗ ಬಾ ಅಂತ ಹೇಳು. ಮಗ್ಗಾ ಬಿಚ್ಚಿ ಅಟ್ಟದ ಮ್ಯಾಲ ಹಾಕಲಿ. ನಡಕೋಣಿ ಅಗಲ ಆಗ್ತೈತಿ," ಎಂದರು.

ಮಾವ ಪೇಪರಿನ ಹಾಳೆ ತಿರುವಿದರು. ಓದುತ್ತಿರಲಿಲ್ಲ.

ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು ನಮ್ಮ ರೂಢಿ. ಅವತ್ತೂ ಬೆಳಕಿರುವಾಗಲೇ ತಾಟು ಎತ್ತಿದೆವು. ಆಯಿ ಹೊಸ ಅರಿವೆಯನ್ನು ಹಿಂಡಿ ಹಗ್ಗಕ್ಕೆ ಹಾಕಿ, ಅದರ ಸುಕ್ಕುಗಳನ್ನು ಬೆರಳಿಂದ ಒಂದೊಂದಾಗಿ ಬಿಡಿಸುತ್ತ ನಿಂತಿದ್ದರು. ಆತ್ಯಾ ಮಗ್ಗದ ಹಲಗೆಯ ಮೇಲೆ ಸುಮ್ಮನೆ ಕೂತಿದ್ದರು. ಲಾಳಿ ಮಡಿಲಲ್ಲಿತ್ತು. ನಡುಕೋಣೆ ಆಗಲೇ ಅಗಲವಾದಂತೆ ಕಂಡು ನನಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ, ಬಾಗಿಲಲ್ಲೇ ನಿಂತೆ.

ಆಗ ಹಿತ್ತಲಿನ ಗೋಡೆಯ ಮೇಲಿಂದ ಪಕ್ಕದ ಮನೆಯ ಹೆಣ್ಣುಮಗಳು ಇಣುಕಿದಳು. ಕೈಯಲ್ಲಿ ಖಾಲಿ ಚರಗಿ. ಆತ್ಯಾನಿಗೆ ಕೇಳುವಂತೆ ನಡುಕೋಣೆಯತ್ತ ಕೂಗಿದಳು.

"ಏನ್ರಿ ಮಾಂವಶಿ, ಇವತ್ತ ಮಗ್ಗಾ ಯಾಕ ಸುಮ್ಮನಾಗೈತಿ? ಆ ಸಪ್ಪಳ ಕೇಳಲಿಲ್ಲಂದ್ರ ನಮ್ಮ ಎಮ್ಮಿ ಹಾಲ ಇಳಸೂದುಲ್ರಿ. ಒಂದೀಟ ನೇಯ್ರಿ, ಲಗೂನ ಹಿಂಡಕೋತೀನಿ."